ಮಳೆ ಹಿಡಿದರೆ ಆರ್‌ಸಿಸಿಬಿ ಬೀಳುತ್ತದೆ, ಮೆಗ್ಗರ್ ಮಾತ್ರ ಎಲ್ಲ ಸರಿ ಅನ್ನುತ್ತದೆ

ಕಣದ ಮನೆ (ನಾಪೋಕ್ಲು) · ಜುಲೈ 21, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲಿನಿಂದ ಸ್ವಲ್ಪ ಒಳಗೆ ನಮ್ಮ ಮನೆ. 1996ರಲ್ಲಿ ಕಟ್ಟಿದ್ದು. ವೈರಿಂಗ್ ಎಲ್ಲ ಗೋಡೆಯೊಳಗೆ ಪೈಪಿನಲ್ಲಿದೆ. ಐದು ವರ್ಷದ ಹಿಂದೆ ಹಳೆ ಫ್ಯೂಸ್ ಬೋರ್ಡ್ ತೆಗೆಸಿ ಎಂಟು ಎಂಸಿಬಿ (ಕರೆಂಟ್ ಜಾಸ್ತಿ ಎಳೆದರೆ ತಾನೇ ಬೀಳುವ ಸ್ವಿಚ್, ಲೈನಿಗೆ ಒಂದು) ಇರುವ ಡಿಬಿ, ಅಂದರೆ ಕರೆಂಟ್ ಹಂಚುವ ಪೆಟ್ಟಿಗೆ, ಹಾಕಿಸಿದೆವು, ಜೊತೆಗೆ ಕರೆಂಟ್ ಅರ್ತಿಗೆ (ಮಣ್ಣಿಗೆ) ಸೋರಿದರೆ ಇಡೀ ಮನೆಯದ್ದನ್ನು ಕಡಿಯುವ 30 ಮಿಲಿ ಆಂಪಿಯರಿನ ಒಂದು ಆರ್‌ಸಿಸಿಬಿ. ಅಲ್ಲಿಂದ ಪ್ರತಿ ಕಕ್ಕಡಕ್ಕೂ (ನಮ್ಮ ಜೋರು ಮಳೆಯ ತಿಂಗಳು) ಇದೇ ಗೋಳು. ಮಳೆ ಎರಡು ದಿನ ಬಿಡದೆ ಹಿಡಿದರೆ ಆರ್‌ಸಿಸಿಬಿ ಬೀಳುತ್ತದೆ. ಎತ್ತಿದರೆ ಒಂದು ಗಂಟೆ ನಿಲ್ಲುತ್ತದೆ, ಮತ್ತೆ ಬೀಳುತ್ತದೆ.

ಜಾಸ್ತಿ ಬೀಳುವುದು ಬೆಳಿಗ್ಗೆ ಗೀಸರ್ ಹಾಕಿದಾಗ. ಹಾಗಾಗಿ ಹೋದ ವರ್ಷ ಗೀಸರಿನ ಕಾಯಿಲ್ ಬದಲಾಯಿಸಿದೆ. ಈ ವರ್ಷ ಗೀಸರನ್ನೇ ಬದಲಾಯಿಸಿದೆ. ಹೊಸ ಗೀಸರ್ ಬಂದ ಮೂರನೇ ದಿನ ಮತ್ತೆ ಬಿತ್ತು. ಅಪ್ಪ ಈಗ ಬಚ್ಚಲಿನ ಹಂಡೆಗೆ ಬೆಂಕಿ ಹಾಕಿಸಿ ಸ್ನಾನ ಮಾಡುತ್ತಾರೆ. ನನ್ನ ಮುಖ ಕಂಡರೆ ನಗುತ್ತಾರೆ.

ಕೊನೆಗೆ ಗೆಳೆಯನ ಹತ್ತಿರ ಡಿಜಿಟಲ್ ಮೆಗ್ಗರ್ ಇಸಿದುಕೊಂಡು ಬಂದೆ. ವೈರಿನ ಸಿಪ್ಪೆಯಿಂದ ಕರೆಂಟ್ ಸೋರುತ್ತದಾ ಅಂತ ನೋಡುವ ಮೀಟರ್ ಅದು, ಅಂಕಿ ಜಾಸ್ತಿ ಬಂದಷ್ಟೂ ಒಳ್ಳೆಯದು. 500 ವೋಲ್ಟಿನದ್ದು, 200 ಮೆಗಾ ಓಮ್ ತನಕ ತೋರಿಸುತ್ತದೆ. ನಮ್ಮ ವೈರ್‌ಮ್ಯಾನ್ ಅಣ್ಣನನ್ನೂ ಕರೆದೆ. ಮೈನ್ ಆಫ್ ಮಾಡಿದೆವು, ಮನೆಯ ಎಲ್ಲ ಸ್ವಿಚ್ಚೂ ಆಫ್ ಮಾಡಿದೆವು. ಒಂದೊಂದು ಎಂಸಿಬಿಯ ಕೆಳಗಿನ ವೈರಿಗೆ ಒಂದು ಪ್ರೋಬ್, ಅರ್ತ್ ಬಾರಿಗೆ (ಅರ್ತ್ ವೈರೆಲ್ಲ ಸೇರುವ ಪಟ್ಟಿ) ಇನ್ನೊಂದು ಇಟ್ಟು ನೋಡಿದೆವು. ಮೂರಕ್ಕೆ ನೂರರ ಮೇಲೆ ಬಂತು. ಉಳಿದ ಐದಕ್ಕೆ ಇನ್‌ಫಿನಿಟಿ. ಎಲ್ಲೂ ಏನೂ ಇಲ್ಲ! ಅದೇ ದಿನ ಸಂಜೆ ಮತ್ತೆ ಬಿತ್ತು. ಆರ್‌ಸಿಸಿಬಿಯೇ ಹಾಳಾಗಿದೆಯಾ? ಯಾರಾದರೂ ಹೇಳಿ.

ಸುಮ್ನೆ ಓದುವವ (ಸೋಮವಾರಪೇಟೆ) · ಜುಲೈ 21, ರಾತ್ರಿ 9.32

ಅದಕ್ಕೆ ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ? ನಮ್ಮಲ್ಲಿ ಜೂನ್ ಬಂದರೆ ಆರ್‌ಸಿಸಿಬಿ ಬೈಪಾಸ್. ಅಂದರೆ ಅದನ್ನು ಬಿಟ್ಟು ವೈರ್ ನೇರ ಕೊಡುವುದು. ಮಳೆ ಬಿಟ್ಟ ಮೇಲೆ ವಾಪಸ್. ಆರು ವರ್ಷದಿಂದ ಹೀಗೇ ನಡೆಯುತ್ತಿದೆ, ಏನೂ ಆಗಿಲ್ಲ.

ತಂತಿ ಮಾಮ (ವಿರಾಜಪೇಟೆ) · ಜುಲೈ 21, ರಾತ್ರಿ 10.15

ಮೇಲೆ ಬರೆದವರಿಗೆ ಮೊದಲು. ಕೊಡೆ ಬಿಸಿಲಿಗೆ ಹಿಡಿದು ಮಳೆಗೆ ಮಡಚಿ ಇಟ್ಟ ಹಾಗಾಯಿತು ನಿಮ್ಮ ಲೆಕ್ಕ. ಆ ಪೆಟ್ಟಿಗೆ ಇರುವುದೇ ಒದ್ದೆ ಕಾಲಿನ ದಿನಗಳಿಗೆ. ನಿಮ್ಮ ಲೈನ್ ಮನೆಗೂ (ತೋಟದ ಕೆಲಸದವರ ಮನೆ) ಅದೇ ಬೋರ್ಡಿನಿಂದ ಕರೆಂಟ್ ಹೋಗಿದ್ದರೆ ಇವತ್ತು ರಾತ್ರಿಯೇ ಬೈಪಾಸ್ ತೆಗೆಸಿ.

ಈಗ ನಾಪೋಕ್ಲಿನವನಿಗೆ. ಮೂವತ್ತು ವರ್ಷ ಈ ಕೆಲಸ ಮಾಡಿದ್ದೇನೆ ಮಾರಾಯ. ಮೆಗ್ಗರ್ ಸುಳ್ಳು ಹೇಳಲಿಲ್ಲ. ನೀನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಿದೆ.

ಎಲ್ಲ ಸ್ವಿಚ್ಚೂ ಆಫ್ ಮಾಡಿದೆ ಅಂದೆಯಲ್ಲ. ಸ್ವಿಚ್ ಆಫ್ ಆದರೆ ಫೇಸ್, ಅಂದರೆ ಕರೆಂಟ್ ಬರುವ ವೈರ್, ಅಲ್ಲಿಗೇ ಕಡಿಯಿತು. ಸ್ವಿಚ್ಚಿನಿಂದ ಲೈಟಿನ ತನಕ ಹೋಗುವ ವೈರ್ ನಿನ್ನ ಪರೀಕ್ಷೆಯಲ್ಲಿ ಇರಲೇ ಇಲ್ಲ. ನಮ್ಮ ಕಡೆ ನೀರು ಇಳಿಯುವುದು ಅಲ್ಲೇ. ಮೇಲೆ ಸ್ಲ್ಯಾಬಿನ ಪೈಪು, ಹೊರಗಿನ ಬ್ರಾಕೆಟ್, ಹೋಲ್ಡರ್. ಬಲ್ಬ್ ಎಲ್ಲ ಕಳಚಿ, ಪ್ಲಗ್ ಎಲ್ಲ ಕಿತ್ತು, ಆಮೇಲೆ ಸ್ವಿಚ್ ಎಲ್ಲ ಆನ್ ಮಾಡಿ ನೋಡಬೇಕು. ಮೆಟ್ಟಿಲಿನ ಟೂ ವೇ ಸ್ವಿಚ್ ಇದ್ದರೆ ಒಂದನ್ನು ತಿರುಗಿಸಿ ಇನ್ನೊಮ್ಮೆ ನೋಡಬೇಕು.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನ್ಯೂಟ್ರಲ್, ಅಂದರೆ ಕರೆಂಟ್ ತಿರುಗಿ ಹೋಗುವ ವೈರ್, ನೋಡಿದೆಯಾ? ನಿನ್ನ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ಎಂಟೂ ಎಂಸಿಬಿ ಇಳಿಸಿದರೂ ಎಂಟೂ ನ್ಯೂಟ್ರಲ್ ಬಾರಿನಲ್ಲಿ ಒಟ್ಟಿಗೇ ಕೂತಿರುತ್ತವೆ. ಎಲ್ಲಾದರೂ ಒಂದು ನ್ಯೂಟ್ರಲ್ ಅರ್ತಿಗೆ ತಾಗಿದ್ದರೆ ಆರ್‌ಸಿಸಿಬಿಗೆ ಗೊತ್ತಾಗುತ್ತದೆ, ಎಂಸಿಬಿಗೆ ಗೊತ್ತಾಗುವುದಿಲ್ಲ. ನಿನಗೂ ಗೊತ್ತಾಗಲಿಲ್ಲ.

ಗೀಸರ್ ಪಾಪ. ಆರ್‌ಸಿಸಿಬಿ ನೋಡುವುದು ಹೋದ ಕರೆಂಟ್ ಎಷ್ಟು, ತಿರುಗಿ ಬಂದದ್ದು ಎಷ್ಟು ಅಂತ. ನ್ಯೂಟ್ರಲ್ ಎಲ್ಲೋ ಅರ್ತಿಗೆ ತಾಗಿದೆ ಅಂತ ಇಟ್ಟುಕೋ. ಒಂದು ಬಲ್ಬ್ ಉರಿದರೆ ನ್ಯೂಟ್ರಲ್ಲಿನಲ್ಲಿ ವೋಲ್ಟೇಜ್ ಹೆಚ್ಚು ಏಳುವುದಿಲ್ಲ, ಅರ್ತಿಗೆ ಸೋರುವುದೂ ಕಮ್ಮಿ. 2 ಕಿಲೋವ್ಯಾಟಿನ ಗೀಸರ್ ಹಾಕಿದರೆ ಎಂಟೂವರೆ ಆಂಪಿಯರ್ ಮೇಲೆ ಎಳೆಯುತ್ತದೆ. ಕಂಬದಿಂದ ಮನೆಗೆ ಬರುವ ಉದ್ದದ ಸರ್ವಿಸ್ ವೈರಿನಲ್ಲಿ ನಾಲ್ಕೈದು ವೋಲ್ಟ್ ಏಳುತ್ತದೆ. ತಿರುಗಿ ಬರಬೇಕಾದ ಕರೆಂಟಿನಲ್ಲಿ ಒಂದು ಚೂರು ಆ ತಾಗಿದ ಜಾಗದಿಂದ ಮಣ್ಣಿಗೆ ಇಳಿಯುತ್ತದೆ. ಆರ್‌ಸಿಸಿಬಿ ಬಿತ್ತು. ಬೈಸಿಕೊಂಡದ್ದು ಗೀಸರ್.

ನಾಳೆ ವೈರ್‌ಮ್ಯಾನನ್ನು ಮತ್ತೆ ಕರೆಸು. ಲೈಸೆನ್ಸ್ ಇರುವವನೇ ಡಿಬಿ ಬಿಚ್ಚಲಿ. ಮೈನ್ ಆಫ್ ಆದರೂ ಮೀಟರಿನಿಂದ ಮೈನ್ ತನಕ ಕರೆಂಟ್ ಇದ್ದೇ ಇರುತ್ತದೆ. ನೀನು ಪಕ್ಕದಲ್ಲಿ ನಿಂತು ಬರೆದುಕೋ. ಆರ್‌ಸಿಸಿಬಿಯ ಕೆಳಗಿನ ಎರಡು ವೈರನ್ನೂ ಕಳಚಲಿ. ಆಗ ಅದರೊಳಗಿನ ಸರ್ಕ್ಯೂಟಿಗೆ 500 ವೋಲ್ಟ್ ಹೋಗುವುದಿಲ್ಲ, ಹೊರಗಿನ ನ್ಯೂಟ್ರಲ್ಲೂ ಬೇರೆಯಾಗುತ್ತದೆ. ಹೊರಗಿನ ನ್ಯೂಟ್ರಲ್ ಅಂಟಿಕೊಂಡಿದ್ದರೆ ಅದು ಟ್ರಾನ್ಸ್‌ಫಾರ್ಮರಿನಲ್ಲಿ ಅರ್ತ್ ಆಗಿರುವುದರಿಂದ ಸುಮ್ನೆ ಸೊನ್ನೆ ತೋರಿಸುತ್ತದೆ. ಆಮೇಲೆ ನ್ಯೂಟ್ರಲ್ ಬಾರಿನಿಂದ ಒಂದೊಂದೇ ಕರಿ ವೈರ್ ಬಿಚ್ಚಿ, ಪ್ರತಿಯೊಂದನ್ನೂ ಅರ್ತಿಗೆ ಹಿಡಿದು ನೋಡಿ. ಬಿಚ್ಚುವಾಗಲೇ ಟೇಪ್ ಸುತ್ತಿ ನಂಬರ್ ಹಾಕಿ, ಇಲ್ಲದಿದ್ದರೆ ರಾತ್ರಿ ಅಲ್ಲೇ ಕೂತಿರಬೇಕಾಗುತ್ತದೆ.

ಇನ್ನೊಂದು. ಎರಡೂ ಪ್ರೋಬ್ ಒಂದಕ್ಕೊಂದು ಮುಟ್ಟಿಸಿದರೆ ಸೊನ್ನೆ ಬರಬೇಕು, ಬಿಟ್ಟರೆ ರೇಂಜ್ ದಾಟಬೇಕು. ಶುರು ಮಾಡುವ ಮೊದಲು ಅಷ್ಟು ನೋಡಿ. ಇಸಿದುಕೊಂಡ ಮೆಗ್ಗರ್ ಅಲ್ವಾ, ಬ್ಯಾಟರಿ ಸೋತಿದ್ದರೆ 500 ವೋಲ್ಟ್ ಏಳುವುದೇ ಇಲ್ಲ.

ಹೋಂಸ್ಟೇ ಅಕ್ಕ (ಗೋಣಿಕೊಪ್ಪ) · ಜುಲೈ 22, ಬೆಳಿಗ್ಗೆ 7.05

ಒಂದು ಎಚ್ಚರಿಕೆ ನನ್ನದೂ ಇರಲಿ. ಎರಡು ವರ್ಷದ ಹಿಂದೆ ನಮ್ಮಲ್ಲಿ ಒಬ್ಬರು ಮೆಗ್ಗರ್ ಹಾಕಲು ಬಂದಿದ್ದರು. ಬಲ್ಬ್ ಯಾವುದೂ ಕಳಚಲಿಲ್ಲ. ಫೇಸಿಗೂ ನ್ಯೂಟ್ರಲ್ಲಿಗೂ ಪ್ರೋಬ್ ಇಟ್ಟು ಗುಂಡಿ ಒತ್ತಿದರು. ಸಂಜೆ ಲೈಟ್ ಹಾಕಿದರೆ ವರಾಂಡದ ನಾಲ್ಕು ಎಲ್‌ಇಡಿ ಹೋಗಿತ್ತು, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಒಂದು ಹೋಗಿತ್ತು. ಮರುದಿನ ಗೆಸ್ಟ್ ಬರುವವರಿದ್ದರು.

ಇನ್ವರ್ಟರ್ ಇರುವ ಮನೆಯಲ್ಲಿ ಮೈನ್ ಆಫ್ ಮಾಡಿದರೆ ಸಾಲದು, ಇನ್ವರ್ಟರನ್ನೂ ಆಫ್ ಮಾಡಿ ಅದರ ಔಟ್‌ಪುಟ್ ಕಳಚಬೇಕು. ಮೈನ್ ಹೋದ ತಕ್ಷಣ ಅದು ಆ ಲೈನಿಗೆ ಕರೆಂಟ್ ಕೊಡಲು ಶುರು ಮಾಡುತ್ತದೆ. ವೈಫೈ, ಟಿವಿ, ಫ್ರಿಜ್ ಎಲ್ಲದರ ಪ್ಲಗ್ ಹೊರಗೆ. ಸ್ವಿಚ್ ಆಫ್ ಮಾಡಿದೆ ಅಂದರೆ ಪ್ಲಗ್ ಕಿತ್ತಂತಲ್ಲ.

ಊರು ಸುಂಟಿಕೊಪ್ಪ, ಕೆಲಸ ಬೆಂಗಳೂರು · ಜುಲೈ 22, ಮಧ್ಯಾಹ್ನ 1.20

ಅಕ್ಕ ಹೇಳಿದ್ದು ಸರಿ. ಕಳಚಲು ಆಗದ ಎಲೆಕ್ಟ್ರಾನಿಕ್ ಸಾಮಾನು ಇದ್ದರೆ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಸೇರಿಸಿ, ಆ ಜೋಡಿಯನ್ನು ಅರ್ತಿಗೆ ನೋಡಬೇಕು. ಆಗ ಆ ಸಾಮಾನಿನ ಎರಡು ಕಾಲಿಗೂ ಒಂದೇ ವೋಲ್ಟೇಜ್, ನಡುವೆ 500 ವೋಲ್ಟ್ ಬೀಳುವುದಿಲ್ಲ. ಸಿಡಿಲಿಗೆ ಅಂತ ಡಿಬಿಯಲ್ಲಿ ಸರ್ಜ್ ಅರೆಸ್ಟರ್ ಹಾಕಿಸಿದ್ದರೆ ಅದನ್ನೂ ಕಳಚಿ. ಅದರ ಕೆಲಸವೇ ಹೆಚ್ಚಿನ ವೋಲ್ಟೇಜನ್ನು ಅರ್ತಿಗೆ ಬಿಡುವುದು. ಅದು ಇದ್ದರೆ ವೈರಿಂಗ್ ಹಾಳಾದ ಹಾಗೆ ತೋರಿಸುತ್ತದೆ. ತೆಗೆಯಲು ಆಗದಿದ್ದರೆ ಆ ಸರ್ಕ್ಯೂಟಿಗೆ 250 ವೋಲ್ಟಿನಲ್ಲಿ ನೋಡಬಹುದು. ಆದರೂ 1 ಮೆಗಾ ಓಮಿಗಿಂತ ಕಮ್ಮಿ ಇರಬಾರದು.

ಎಷ್ಟು ಬಂದರೆ ಪಾಸು ಅನ್ನುವುದಕ್ಕೆ ನಿಯಮ ಇದೆ. ಮನೆಯ ವೋಲ್ಟೇಜಿಗೆ 500 ವೋಲ್ಟ್ ಡಿಸಿ, ಒಂದು ನಿಮಿಷ, ಕನಿಷ್ಠ 1 ಮೆಗಾ ಓಮ್. ವೈರಿಂಗಿನ ಭಾರತೀಯ ಮಾನದಂಡ ಐಎಸ್ 732ರ ಹಳೆ ಆವೃತ್ತಿಯಲ್ಲಿ ಇನ್ನೊಂದು ಲೆಕ್ಕ ಇತ್ತು. 50ನ್ನು ಆ ಸರ್ಕ್ಯೂಟಿನ ಪಾಯಿಂಟ್‌ಗಳ (ಲೈಟ್, ಫ್ಯಾನ್, ಪ್ಲಗ್) ಸಂಖ್ಯೆಯಿಂದ ಭಾಗಿಸಬೇಕು. ಹತ್ತು ಪಾಯಿಂಟ್ ಇದ್ದರೆ 5 ಮೆಗಾ ಓಮ್ ಬರಬೇಕು. ಇಡೀ ಮನೆಗೆ ಒಟ್ಟಿಗೆ ನೋಡಿದರೆ 1 ಸಾಕು.

ಈ 1 ಮೆಗಾ ಓಮಿನಲ್ಲಿ 230 ವೋಲ್ಟಿಗೆ ಸೋರುವುದು 0.23 ಮಿಲಿ ಆಂಪಿಯರ್ ಮಾತ್ರ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಫೇಸಿನಿಂದಲೇ ಅದು ಬೀಳಬೇಕಾದರೆ ಇನ್ಸುಲೇಶನ್ (ವೈರಿನ ಸಿಪ್ಪೆ ಕರೆಂಟನ್ನು ತಡೆಯುವ ಶಕ್ತಿ) 15 ಸಾವಿರ ಓಮ್ ಆಸುಪಾಸಿಗೆ ಇಳಿದಿರಬೇಕು, ಅಂದರೆ ಮೆಗ್ಗರಿನಲ್ಲಿ 0.015. ಹಾಗಾಗಿ ಎಲ್ಲೋ 3 ಮೆಗಾ ಓಮ್ ಬಂತು ಅಂತ ಅದನ್ನೇ ಕಳ್ಳ ಅಂತ ಹಿಡಿಯಬೇಡಿ.

ತಂತಿ ಮಾಮ · ಜುಲೈ 22, ರಾತ್ರಿ 8.50

ಲೆಕ್ಕ ಸರಿ ಇದೆ ಮಗ. ಆದರೆ ‘1 ಬಂತು, ಪಾಸು’ ಅನ್ನುವ ಮಾತು ಮಾತ್ರ ನನಗೆ ಆಗುವುದಿಲ್ಲ. ಅದು ನೆಲ. ನೆಲಕ್ಕೆ ತಾಗಿ ನಿಂತದ್ದನ್ನು ಚೆನ್ನಾಗಿದೆ ಅಂತ ಹೇಗೆ ಹೇಳುವುದು? ಹೊಸ ಪಿವಿಸಿ ವೈರಿಂಗ್ ಒಣ ಮನೆಯಲ್ಲಿ ನೂರಾರು ಮೆಗಾ ಓಮ್ ಕೊಡುತ್ತದೆ. ಹೊಸ ಮನೆಯಲ್ಲೇ 2 ಬಂತು ಅಂದರೆ ಪ್ಲಾಸ್ಟರ್ ಮಾಡುವಾಗ ಯಾರೋ ಮೊಳೆ ಹೊಡೆದಿರಬಹುದು.

ಇಡೀ ಮನೆಗೆ ಒಂದೇ ಅಂಕಿ ತೆಗೆಯುವುದೂ ನನಗೆ ಇಷ್ಟ ಇಲ್ಲ. ಒಂದು ಮನೆಯಲ್ಲಿ ಎಂಟು ಸರ್ಕ್ಯೂಟ್, ಪ್ರತಿಯೊಂದೂ 8. ಎಲ್ಲ ಸೇರಿಸಿ ನೋಡಿದರೆ 1 ಬರುತ್ತದೆ. ಪಕ್ಕದ ಮನೆಯಲ್ಲಿ ಏಳು ಸರ್ಕ್ಯೂಟ್ ತಲಾ 100, ಎಂಟನೆಯದು 1.1. ಅಲ್ಲೂ ಸೇರಿಸಿ ನೋಡಿದರೆ ಒಂದರ ಆಸುಪಾಸೇ. ಮೊದಲನೆಯದು ವಯಸ್ಸಾದ ಮನೆ, ಅಷ್ಟೇ. ಎರಡನೆಯದರಲ್ಲಿ ಒಂದು ವೈರ್ ಸಾಯುತ್ತಿದೆ. ಕಾಗದದಲ್ಲಿ ಎರಡೂ ಒಂದೇ.

ಕುಶಾಲನಗರ, ನದಿ ಪಕ್ಕ · ಜುಲೈ 23, ರಾತ್ರಿ 9.00

ತಂತಿ ಮಾಮನ ಮಾತಿಗೆ ನನ್ನದೊಂದು ಸಾಕ್ಷಿ. 2019ರ ಆಗಸ್ಟಿನಲ್ಲಿ ಕಾವೇರಿ ನಮ್ಮ ಬಡಾವಣೆಗೆ ಬಂದಾಗ ಮನೆಯೊಳಗೆ ಸೊಂಟದ ತನಕ ನೀರು. ಕೆಳಗಿನ ಪ್ಲಗ್ ಎಲ್ಲ ಮುಳುಗಿತ್ತು. ನೀರು ಇಳಿದ ಮೇಲೆ ಸ್ವಿಚ್ಚು, ಪ್ಲಗ್ಗು, ಮುಳುಗಿದ ಎಂಸಿಬಿ ಎಲ್ಲ ಬಿಸಾಡಿದೆವು. ಒಳಗೆ ಕೂತ ಮಣ್ಣನ್ನು ಎಷ್ಟು ಒರೆಸಿದರೂ ಹೋಗುವುದಿಲ್ಲ. ವೈರ್ ಮಾತ್ರ ಉಳಿಸಿಕೊಳ್ಳಬಹುದಾ ಅಂತ ಪ್ರಶ್ನೆ ಇತ್ತು.

ಹಾಲಿನ ಪ್ಲಗ್ ಲೈನ್ ನಾಲ್ಕು ಸಲ ನೋಡಿಸಿದೆ. ನೀರು ಇಳಿದ ವಾರ 0.02. ಪೈಪಿನೊಳಗೆ ಗಾಳಿ ಊದಿಸಿ, ಬಾಕ್ಸ್ ಎಲ್ಲ ಬಾಯಿ ತೆರೆದಿಟ್ಟು ಮೂರು ವಾರ ಬಿಟ್ಟ ಮೇಲೆ 0.6. ದೀಪಾವಳಿ ಹೊತ್ತಿಗೆ 4. ಫೆಬ್ರವರಿಯಲ್ಲಿ 35. ಏರುತ್ತಾ ಹೋದದ್ದರಿಂದ ಧೈರ್ಯ ಬಂತು, ಆ ವೈರ್ ಇಟ್ಟುಕೊಂಡೆವು. ಅಡುಗೆಮನೆಯ ಲೈನ್ 0.3ರಿಂದ ಏಳಲೇ ಇಲ್ಲ. ಅದನ್ನು ಎಳೆಸಿ ತೆಗೆದಾಗ ಮಧ್ಯದಲ್ಲಿ ಒಂದು ಜಾಯಿಂಟ್ ಸಿಕ್ಕಿತು. ಪೈಪಿನೊಳಗೆ ಜಾಯಿಂಟ್! ಮನೆ ಕಟ್ಟಿದಾಗಿನದ್ದು.

ಒಂದೇ ಸಲ ನೋಡಿ ನಿರ್ಧಾರ ಮಾಡಿದ್ದರೆ ಒಳ್ಳೆ ವೈರ್ ಬಿಸಾಡುತ್ತಿದ್ದೆ, ಇಲ್ಲ ಕೆಟ್ಟದ್ದನ್ನು ಇಟ್ಟುಕೊಳ್ಳುತ್ತಿದ್ದೆ.

ಸುಮ್ನೆ ಓದುವವ · ಜುಲೈ 23, ರಾತ್ರಿ 9.25

ಒಂದು ಪ್ರಶ್ನೆ. ನನ್ನ ಹತ್ತಿರ 600 ರೂಪಾಯಿಯ ಮಲ್ಟಿಮೀಟರ್ ಇದೆ. ಅದರಲ್ಲೂ ಮೆಗಾ ಓಮ್ ಅಂತ ಇದೆ. ಅದು ಸಾಲದಾ?

ತಂತಿ ಮಾಮ · ಜುಲೈ 23, ರಾತ್ರಿ 9.40

ಸಾಲದು. ಅದರ ಹೊಟ್ಟೆಯಲ್ಲಿರುವುದು 9 ವೋಲ್ಟಿನ ಬ್ಯಾಟರಿ. ಸಿಪ್ಪೆ ದುರ್ಬಲವಾದ ವೈರ್ ಇದ್ದರೂ 9 ವೋಲ್ಟಿಗೆ ಎಲ್ಲ ಸರಿ ಕಾಣಬಹುದು. 500 ವೋಲ್ಟ್ ಒತ್ತಿದರೆ ಬಣ್ಣ ಬಯಲು. ಹಾಗಂತ ಮೆಗ್ಗರ್ ಒತ್ತುವಾಗ ಯಾರೂ ಬರಿ ವೈರ್ ಮುಟ್ಟಬಾರದು. ಅದರಲ್ಲಿ ಕರೆಂಟ್ ಕಮ್ಮಿ, ಸಾಯುವುದಿಲ್ಲ. ಆದರೆ ಏಣಿಯ ಮೇಲಿದ್ದವನು ಬೆಚ್ಚಿ ಬಿದ್ದರೆ ಸಾಕಲ್ಲ. ನೋಡಿ ಆದ ಮೇಲೂ ಪ್ರೋಬ್ ತಕ್ಷಣ ತೆಗೆಯಬಾರದು. ವೈರಿನಲ್ಲಿ ಉಳಿದ ಚಾರ್ಜ್ ಇಳಿದು ಸೊನ್ನೆಗೆ ಬರಲಿ.

ಮೆಗ್ಗರ್ ಅನ್ನುವುದು ನಿಜವಾಗಿ ಒಂದು ಕಂಪನಿಯ ಟ್ರೇಡ್‌ಮಾರ್ಕ್, 1903ರದ್ದು. ವನಸ್ಪತಿಗೆಲ್ಲ ಡಾಲ್ಡಾ ಅಂದ ಹಾಗೆ ಈಗ ಎಲ್ಲದಕ್ಕೂ ಅದೇ ಹೆಸರು. ನಾನು ಕಲಿತದ್ದು ಕೈಯಲ್ಲಿ ತಿರುಗಿಸುವುದರಲ್ಲಿ. ಒಬ್ಬ ತಿರುಗಿಸಬೇಕು, ಇನ್ನೊಬ್ಬ ಹಿಡಿಯಬೇಕು. ತಿರುಗಿಸುವವನಿಗೆ ಬೇಜಾರಾಗಿ ನಿಧಾನ ಮಾಡಿದರೆ ಓದಿದ್ದೂ ಕೆಟ್ಟಿತು.

ಕಣದ ಮನೆ · ಜುಲೈ 27, ಸಂಜೆ 6.30

ಇವತ್ತು ಭಾನುವಾರ, ವೈರ್‌ಮ್ಯಾನ್ ಅಣ್ಣ ಬೆಳಿಗ್ಗೆಯೇ ಬಂದರು. ಹೊರಗೆ ಧೋ ಅಂತ ಮಳೆ. ಇದೇ ಒಳ್ಳೆ ದಿನ ಅಂದರು. ಕರಿ ವೈರ್ ಯಾವುದು ಯಾವ ಎಂಸಿಬಿಯದ್ದು ಅಂತ ಜೋಡಿ ಹಾಕುವುದಕ್ಕೇ ಎರಡು ಗಂಟೆ ಹೋಯಿತು. ಮೆಟ್ಟಿಲ ಲೈಟಿನ ಫೇಸ್ ಕೆಳಗಿನದ್ದು, ನ್ಯೂಟ್ರಲ್ ಮಹಡಿಯದ್ದು. ಅದನ್ನೂ ಸರಿ ಮಾಡಿಸಿದೆ.

ಬಲ್ಬ್ ಕಳಚಿ, ಪ್ಲಗ್ ಕಿತ್ತು, ಸ್ವಿಚ್ ಆನ್ ಮಾಡಿ ನೋಡಿದ ಅಂಕಿಗಳು. ಎಲ್ಲ ಮೆಗಾ ಓಮಿನಲ್ಲಿ. ಮೊದಲನೆಯದು ಫೇಸ್ ಮತ್ತು ಅರ್ತ್, ಎರಡನೆಯದು ನ್ಯೂಟ್ರಲ್ ಮತ್ತು ಅರ್ತ್.

1. ಹಾಲ್ ಲೈಟ್, ಫ್ಯಾನ್: 48, 52
2. ಮಲಗುವ ಕೋಣೆ: 61, 60
3. ಅಡುಗೆಮನೆ ಪ್ಲಗ್: 14, 11
4. ಗೀಸರ್ ಲೈನ್: ಎರಡೂ ಇನ್‌ಫಿನಿಟಿ
5. ಬಾವಿ ಮೋಟರ್: 3.6, 3.6
6. ಮಹಡಿ: 70, 66
7. ಹೊರಗಿನ ಲೈಟ್: 0.9, 0.00
8. ಕಂಪ್ಯೂಟರ್ ಪ್ಲಗ್: 55, 58

ಏಳನೆಯದು ನೋಡಿ! ನ್ಯೂಟ್ರಲ್ ಸೊನ್ನೆ. ಮಲ್ಟಿಮೀಟರಿನಲ್ಲಿ ನೋಡಿದರೆ ಇನ್ನೂರು ಓಮ್ ಆಸುಪಾಸು, ಒಂದು ಕಡೆ ನಿಲ್ಲುತ್ತಿರಲಿಲ್ಲ. ಆ ಒಂದು ಕರಿ ವೈರನ್ನು ಬಾರಿನಿಂದ ಹೊರಗೆ ಬಿಟ್ಟು, ಟೇಪ್ ಸುತ್ತಿ, ಏಳನೇ ಎಂಸಿಬಿ ಇಳಿಸಿ, ಉಳಿದದ್ದೆಲ್ಲ ಹಾಕಿದೆವು. ಗೀಸರ್, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಎಲ್ಲ ಒಟ್ಟಿಗೆ ಓಡಿಸಿದೆ. ಬೀಳಲಿಲ್ಲ.

ಮೋಟರಿನ ಎರಡೂ ಅಂಕಿ ಒಂದೇ ಬಂದಿದೆ. ತಪ್ಪು ನೋಡಿದೆವಾ?

ತಂತಿ ಮಾಮ · ಜುಲೈ 27, ರಾತ್ರಿ 7.45

ತಪ್ಪಲ್ಲ. ಮೋಟರ್ ಕಳಚದೆ ನೋಡಿದ್ದೀರಿ. ಅದರ ವೈಂಡಿಂಗ್ ಮೂಲಕ ಫೇಸೂ ನ್ಯೂಟ್ರಲ್ಲೂ ಸೇರಿಕೊಂಡಿವೆ, ಹಾಗಾಗಿ ಎರಡು ಕಡೆಯಿಂದಲೂ ಅದೇ ಬಂತು. ‘ಮೋಟರ್ ಸೇರಿಸಿ’ ಅಂತ ಪಕ್ಕದಲ್ಲಿ ಬರೆದಿಡು. ಬರೆಯದಿದ್ದರೆ ಮುಂದಿನ ವರ್ಷ ಕಳಚಿ ನೋಡುತ್ತೀಯ, 80 ಬರುತ್ತದೆ, ವೈರ್ ತನ್ನಷ್ಟಕ್ಕೆ ಗುಣ ಆಯಿತು ಅಂದುಕೊಳ್ಳುತ್ತೀಯ.

ಇನ್‌ಫಿನಿಟಿ ಅಂತ ಮಾತ್ರ ಬರೆಯಬೇಡ. ನಿನ್ನ ಮೆಗ್ಗರ್ 200ರ ತನಕ ನೋಡುತ್ತದೆ, ‘200ಕ್ಕಿಂತ ಜಾಸ್ತಿ’ ಅಂತ ಬರಿ. ನಾಳೆ ಯಾರೋ 2000 ತನಕ ನೋಡುವ ಮೆಗ್ಗರ್ ತಂದು 300 ತೋರಿಸಿದರೆ ಇನ್‌ಫಿನಿಟಿಯಿಂದ 300ಕ್ಕೆ ಇಳಿಯಿತಾ ಅಂತ ಗಾಬರಿ ಬೀಳುತ್ತೀಯ.

ಏಳನೆಯದರ ಲೈನ್ ಎಲ್ಲಿಗೆ ಹೋಗುತ್ತದೆ?

ಕಣದ ಮನೆ · ಜುಲೈ 27, ರಾತ್ರಿ 8.10

ಎರಡು ಗೇಟ್ ಲೈಟ್, ಒಂದು ಕೊಟ್ಟಿಗೆ, ಕೊನೆಗೆ ಕಾಫಿ ಕಣದ ಲೈಟ್ ಮಾಮ. ಕಣದ್ದು ಸುಮಾರು 40 ಮೀಟರ್ ದೂರ, ಮಣ್ಣಿನೊಳಗೆ ಪೈಪ್. ಆ ಲೈಟ್ ಹಾಕುವುದು ಕಾಫಿ ಒಣಗಿಸುವಾಗ ಮಾತ್ರ, ಡಿಸೆಂಬರಿನಿಂದ ಫೆಬ್ರವರಿ ತನಕ. ಮಳೆಗಾಲದಲ್ಲಿ ಆ ಸ್ವಿಚ್ ಯಾರೂ ಮುಟ್ಟುವುದೇ ಇಲ್ಲ. ಅದಕ್ಕೇ ನನಗೆ ಅದರ ಮೇಲೆ ಅನುಮಾನವೇ ಬರಲಿಲ್ಲ.

ತಂತಿ ಮಾಮ · ಜುಲೈ 27, ರಾತ್ರಿ 8.20

ಸ್ವಿಚ್ ಮುಟ್ಟದಿದ್ದರೆ ಫೇಸ್ ಹೋಗುವುದಿಲ್ಲ. ನ್ಯೂಟ್ರಲ್ ವರ್ಷವಿಡೀ ಅಲ್ಲೇ ಇರುತ್ತದೆ. ಮಧ್ಯದಲ್ಲಿ ಬಾಕ್ಸ್ ಎಷ್ಟಿವೆ, ಅಲ್ಲಲ್ಲಿ ಬಿಚ್ಚಿ ಅರ್ಧ ಅರ್ಧ ಮಾಡುತ್ತಾ ನೋಡಿ. ಕೊಟ್ಟಿಗೆ ತನಕ ಸರಿ ಇದ್ದರೆ ಅದರಿಂದ ಆಚೆ.

ಕಣದ ಮನೆ · ಆಗಸ್ಟ್ 3, ರಾತ್ರಿ 8.40

ಸಿಕ್ಕಿತು.

ಇವತ್ತು ಕಕ್ಕಡ ಹದಿನೆಂಟು. ಬೆಳಿಗ್ಗೆ ಮದ್ದು ಸೊಪ್ಪಿನ ಪಾಯಸ ತಿಂದು ಗುದ್ದಲಿ ಹಿಡಿದು ಹೋದೆವು. ಮೈನ್ ಆಫ್. ಕೊಟ್ಟಿಗೆಯ ಬಾಕ್ಸಿನಲ್ಲಿ ಬಿಚ್ಚಿ ನೋಡಿದರೆ ಮನೆ ಕಡೆಗೆ 44, ಕಣದ ಕಡೆಗೆ ಸೊನ್ನೆ. ಕಣದ ಕಂಬದ ಬುಡದಲ್ಲಿ ಒಂದು ಕಬ್ಬಿಣದ ಬಾಕ್ಸ್ ಇದೆ ಅಂತ ಅಪ್ಪನಿಗೆ ಮಾತ್ರ ನೆನಪಿತ್ತು. ಒಂದು ಗೇಣು ಮಣ್ಣಿನ ಕೆಳಗೆ ಹೂತುಹೋಗಿತ್ತು. ಕಣ ಸರಿ ಮಾಡಿಸಿದಾಗ ಮೇಲೆ ಮಣ್ಣು ಎಳೆದದ್ದು.

ಮುಚ್ಚಳದ ಎರಡು ಸ್ಕ್ರೂ ತುಕ್ಕು ಹಿಡಿದು ತಿರುಗಲೇ ಇಲ್ಲ, ಉಳಿಯಿಂದ ಎಬ್ಬಿಸಿದೆವು. ಒಳಗೆ ಅರ್ಧ ತನಕ ಕೆಂಪು ಕೆಸರು. ಅದರ ಮೇಲೆ ಇರುವೆಗಳು ತಂದು ಹಾಕಿದ ಹುಡಿ ಮಣ್ಣು, ಸತ್ತ ಎರಡು ಜಿರಲೆ. ಫೇಸಿನ ಜಾಯಿಂಟ್ ಮೇಲ್ಗಡೆ ಪಿಂಗಾಣಿ ಕನೆಕ್ಟರಿನಲ್ಲಿತ್ತು, ಅದು ಒದ್ದೆ ಆಗಿದ್ದರೂ ಪರವಾಗಿಲ್ಲ. ನ್ಯೂಟ್ರಲ್ಲಿಗೆ ಕನೆಕ್ಟರ್ ಇಲ್ಲ. ಸುಮ್ನೆ ತಿರುಚಿ ಬಟ್ಟೆ ಟೇಪ್ ಸುತ್ತಿ ಕೆಳಗೆ ತುರುಕಿದ್ದರು. ಟೇಪ್ ಮುಟ್ಟಿದರೆ ಕರಿ ಪೇಸ್ಟಿನ ಹಾಗೆ ಬೆರಳಿಗೆ ಅಂಟಿತು. ತಾಮ್ರ ಹಸಿರು ಹಿಡಿದು ಕೆಸರಿನೊಳಗೆ ಬಾಕ್ಸಿನ ಗೋಡೆಗೆ ಒರಗಿತ್ತು. ಆ ಬಾಕ್ಸಿಗೆ ಅರ್ತ್ ವೈರ್ ಸ್ಕ್ರೂ ಹಾಕಿ ಬಿಗಿದಿದ್ದರು, ಅದು ಮಾತ್ರ ಗಟ್ಟಿಯಾಗಿಯೇ ಇತ್ತು.

ಮಳೆ ಬಿಟ್ಟ ಮೇಲೆ ಆ ಕೆಸರು ಒಣಗಿ ಇಟ್ಟಿಗೆ ಆಗುತ್ತದೆ. ಅದಕ್ಕೇ ಕಾಫಿ ಕೆಲಸದ ಹೊತ್ತಿಗೆ ಲೈಟ್ ಹಾಕಿದರೂ ಏನೂ ಆಗುತ್ತಿರಲಿಲ್ಲ.

ಹೊಸ ಪ್ಲಾಸ್ಟಿಕ್ ಬಾಕ್ಸ್ ಕಂಬಕ್ಕೆ ಮೂರು ಅಡಿ ಮೇಲೆ ಹಾಕಿ, ಪೈಪ್ ಕೆಳಗಿನಿಂದ ಒಳಗೆ ಬರುವ ಹಾಗೆ ಮಾಡಿ, ಎರಡೂ ವೈರಿಗೆ ಕನೆಕ್ಟರ್ ಹಾಕಿದೆವು. ಈಗ ಏಳನೇ ಲೈನ್: ಫೇಸ್ 38, ನ್ಯೂಟ್ರಲ್ 41.

ಸುಮ್ನೆ ಓದುವವ · ಆಗಸ್ಟ್ 3, ರಾತ್ರಿ 9.15

ಆ ಕಾಯಿಲ್, ಗೀಸರಿನ ದುಡ್ಡಿಗೆ ಒಂದು ಮೆಗ್ಗರೇ ಬರುತ್ತಿತ್ತು ಅಲ್ವಾ.

ನಮ್ಮಲ್ಲೂ ಒಂದು ಪಲ್ಪರ್ ಮನೆಯ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಜಾಗ) ಲೈನ್ ಇದೆ, ಮಳೆಗಾಲದಲ್ಲಿ ಮುಟ್ಟುವುದಿಲ್ಲ. ಸುಮ್ನೆ ಹೇಳಿದೆ.

ಹೋಂಸ್ಟೇ ಅಕ್ಕ · ಆಗಸ್ಟ್ 4, ಬೆಳಿಗ್ಗೆ 6.50

ಸುಮ್ನೆ ಹೇಳಬೇಡಿ, ಬೈಪಾಸ್ ತೆಗೆಸಿ.

ನನ್ನದೊಂದು ಸಂಶಯ ಮಾಮ. ತವರಿನ ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆ) ಇನ್ನೂ ಮರದ ಬ್ಯಾಟನ್ ವೈರಿಂಗ್ ಇದೆ, ಗೋಡೆಯ ಮೇಲೆ ಮರದ ಪಟ್ಟಿ ಹೊಡೆದು ವೈರ್ ಕೂರಿಸಿದ್ದು. ರಬ್ಬರ್ ವೈರ್. ಹೋದ ವರ್ಷ ಮಾರ್ಚಿನಲ್ಲಿ ನೋಡಿಸಿದಾಗ 12 ಮೆಗಾ ಓಮ್ ಬಂತು. ಪಾಸ್ ಆಯಿತಲ್ಲ, ಹಾಗೇ ಬಿಡಬಹುದಾ? ನವಿಲುಗರಿ ನೀಲಿಯ ಆ ಹಳೆ ಗೋಡೆ ಒಡೆಯಲು ಯಾರಿಗೂ ಮನಸ್ಸಿಲ್ಲ.

ತಂತಿ ಮಾಮ · ಆಗಸ್ಟ್ 4, ರಾತ್ರಿ 8.30

ಒಂದು ಹೋಲ್ಡರ್ ಬಿಚ್ಚಿಸಿ ನೋಡಿ ಅಕ್ಕ. ವೈರಿನ ತುದಿಯನ್ನು ಸ್ವಲ್ಪ ಬಗ್ಗಿಸಿ. ರಬ್ಬರ್ ಬಿಸ್ಕತ್ತಿನ ಹಾಗೆ ಪುಡಿ ಉದುರಿದರೆ ಆ 12ಕ್ಕೆ ಬೆಲೆ ಇಲ್ಲ. ಒಣಗಿದ ರಬ್ಬರ್, ಒಣ ಮರ, ಮಾರ್ಚ್ ತಿಂಗಳು. ಮೆಗ್ಗರಿಗೆ ಒಳ್ಳೆ ಅಂಕಿಯೇ ಬರುತ್ತದೆ. ಅಲುಗಿಸಿದರೆ ಸಿಪ್ಪೆ ಬಿದ್ದು ಹೋಗುತ್ತದೆ ಅನ್ನುವುದು ಅದಕ್ಕೆ ಕಾಣುವುದಿಲ್ಲ. ಪುಡಿ ಆಗುತ್ತಿದ್ದರೆ ಬದಲಾಯಿಸಲೇಬೇಕು. ಗೋಡೆ ಒಡೆಯುವುದು ಬೇಡ. ಬ್ಯಾಟನ್ ಜಾಗದಲ್ಲೇ ಮರದ ಬಣ್ಣದ ಕೇಸಿಂಗ್ ಹಾಕಿ ಹೊಸ ವೈರ್ ಎಳೆಯಬಹುದು. ಹಳೆ ಮನೆಗಳಲ್ಲಿ ಅರ್ತ್ ವೈರ್ ಇರುವುದೇ ಅಪರೂಪ, ಅದನ್ನೂ ಆಗಲೇ ಎಳೆಸಿ.

ಊರು ಸುಂಟಿಕೊಪ್ಪ, ಕೆಲಸ ಬೆಂಗಳೂರು · ಆಗಸ್ಟ್ 5, ರಾತ್ರಿ 10.00

ಕಣದ ಮನೆಯವರೇ, ಅಂಕಿಗಳನ್ನು ಎಲ್ಲಿ ಬರೆದಿಟ್ಟಿದ್ದೀರಿ? ನಾನು ನಮ್ಮ ಮನೆಯದ್ದನ್ನು ಡಿಬಿ ಬಾಗಿಲ ಒಳಗೆ ಪ್ರಿಂಟ್ ತೆಗೆದು ಅಂಟಿಸಿದ್ದೆ. ರಜೆಯಲ್ಲಿ ಬಂದು ನೋಡಿದರೆ ಬೂಸ್ಟು ಹಿಡಿದು, ಇಂಕ್ ಹರಡಿ 0.5 ಯಾವುದು 6.5 ಯಾವುದು ಗೊತ್ತಾಗುತ್ತಿರಲಿಲ್ಲ.

ಕಣದ ಮನೆ · ಆಗಸ್ಟ್ 5, ರಾತ್ರಿ 10.20

ಅಪ್ಪನ ತೋಟದ ಪುಸ್ತಕದಲ್ಲಿ. ಅವರು ದಿನಾ ಮಳೆ ಎಷ್ಟು ಇಂಚು ಅಂತ ಅದರಲ್ಲಿ ಬರೆಯುತ್ತಾರೆ. ಜುಲೈ 27ರ ಪುಟದಲ್ಲಿ ಮಳೆಯ ಕೆಳಗೇ ಬರೆದೆ, ಪೆನ್ಸಿಲಿನಲ್ಲಿ. ಪೆನ್ಸಿಲ್ ಹರಡುವುದಿಲ್ಲ. ಯಾವ ಮೆಗ್ಗರ್, ಎಷ್ಟು ವೋಲ್ಟ್, ಏನೇನು ಕಳಚಿದ್ದೆವು, ಯಾರು ನೋಡಿದ್ದು ಅಷ್ಟೂ ಬರೆದಿದ್ದೇನೆ. ಅಂದಿನ ಮಳೆ ಹೇಗೂ ಮೇಲಿನ ಸಾಲಿನಲ್ಲೇ ಇದೆ. ಅದು ಲಾಭ ಆಯಿತು.

ತಂತಿ ಮಾಮ · ಆಗಸ್ಟ್ 5, ರಾತ್ರಿ 10.30

ಅಪ್ಪನಿಗೆ ನನ್ನ ನಮಸ್ಕಾರ ಹೇಳು. ಮೂವತ್ತು ವರ್ಷದಲ್ಲಿ ನನಗೆ ಈ ಬುದ್ಧಿ ಬರಲಿಲ್ಲ. ನಾನು ‘ಮಳೆ’, ‘ಬಿಸಿಲು’ ಅಂತ ಬರೆಯುತ್ತಿದ್ದೆ, ಅಷ್ಟೇ. ಫೆಬ್ರವರಿಯಲ್ಲಿ ಇನ್ನೊಂದು ಸಲ ನೋಡಿ ಅದೇ ಪುಸ್ತಕದಲ್ಲಿ ಬರಿ. ಒಣ ದಿನದ್ದನ್ನು ಒಣ ದಿನದ್ದಕ್ಕೆ, ಮಳೆಯದ್ದನ್ನು ಮಳೆಯದ್ದಕ್ಕೆ ಹೋಲಿಸಬೇಕು.

ಕಣದ ಮನೆ · ಸೆಪ್ಟೆಂಬರ್ 4, ರಾತ್ರಿ 9.00

ನಿನ್ನೆ ನಮ್ಮ ಕೈಲ್ ಮುಹೂರ್ತ ಹಬ್ಬ ಮುಗಿಯಿತು. ಒಂದು ತಿಂಗಳಲ್ಲಿ ಆರ್‌ಸಿಸಿಬಿ ಒಂದೇ ಒಂದು ಸಲ ಬಿದ್ದಿದೆ. ಅದೂ ನಾನೇ ಟೆಸ್ಟ್ ಗುಂಡಿ ಒತ್ತಿದಾಗ.

ಇವತ್ತು ವೈರ್‌ಮ್ಯಾನ್ ಅಣ್ಣ ಈ ದಾರಿಯಲ್ಲೇ ಹೋಗುತ್ತಿದ್ದರು, ಹಾಗೇ ಮತ್ತೆ ನೋಡಿದೆವು. ಏಳನೆಯದು 40, 41. ಉಳಿದದ್ದೆಲ್ಲ ಜುಲೈಗಿಂತ ಸ್ವಲ್ಪ ಮೇಲೆ. ಬಾವಿ ಮೋಟರ್ ಮಾತ್ರ 3.6ರಿಂದ 2.1ಕ್ಕೆ ಬಂದಿದೆ, ಮೋಟರ್ ಸೇರಿಸಿ. ಮಳೆ ಕಮ್ಮಿ ಆಗಿದೆ, ಇದು ಮಾತ್ರ ಯಾಕೆ ಇಳಿಯಿತು?

ತಂತಿ ಮಾಮ · ಸೆಪ್ಟೆಂಬರ್ 4, ರಾತ್ರಿ 9.25

ಈಗಲೇ ಗಾಬರಿ ಬೇಡ, ಆದರೆ ಒಳ್ಳೆಯ ಲಕ್ಷಣ ಅಲ್ಲ. ಮೋಟರ್ ಕಳಚಿ ಕೇಬಲ್ ಬೇರೆ, ಮೋಟರ್ ಬೇರೆ ನೋಡಿಸು. ನನ್ನ ಅನುಮಾನ ನೀರಿನೊಳಗಿನ ಕೇಬಲ್ ಜಾಯಿಂಟಿನ ಮೇಲೆ. ಕಾಫಿ ಹೂವಿಗೆ ನೀರು ಹಾರಿಸುವ ಹೊತ್ತಿಗೆ ನಿಂತರೆ ಮೆಕ್ಯಾನಿಕ್ ಸಿಗುವುದಿಲ್ಲ, ಡಿಸೆಂಬರಿನೊಳಗೆ ಮೇಲೆತ್ತಿಸು.

ಆ ಮೆಗ್ಗರ್ ಇಸಿದುಕೊಂಡು ಬಂದದ್ದಲ್ವಾ? ಒಂದೂವರೆ ತಿಂಗಳಾಯಿತು ಮಾರಾಯ.

ಕಣದ ಮನೆ · ಸೆಪ್ಟೆಂಬರ್ 4, ರಾತ್ರಿ 9.40

ನಾಳೆ ಕೊಡುತ್ತೇನೆ ಮಾಮ. ಹೊಸ ಬ್ಯಾಟರಿ ಹಾಕಿ ಇಟ್ಟಿದ್ದೇನೆ. ಹೊಸ ಗೀಸರ್ ಗೋಡೆಯಲ್ಲಿ ಸುಮ್ಮನೆ ನೇತಾಡುತ್ತಿದೆ, ಅಪ್ಪ ಹಂಡೆ ಬಿಡಲು ಒಪ್ಪುತ್ತಿಲ್ಲ.